ಕಂಡಕ್ಟರ್ ಸೋಮೇಶನ ನಲವತ್ತು ಸಾವಿರ ಫೋಟೊ

ಗದಗ-ಲಕ್ಷ್ಮೇಶ್ವರ ಬಸ್ಸಿನ ಕಂಡಕ್ಟರ್ ಸೋಮೇಶನಿಗೆ ಹಕ್ಕಿಗಳ ಹುಚ್ಚು ಹತ್ತಿದ್ದು ಒಂದು ಪಂಕ್ಚರಿನಿಂದ. ಒಂಬತ್ತು ವರ್ಷಗಳ ಹಿಂದೆ, ಜನವರಿ ತಿಂಗಳ ಒಂದು ಮುಂಜಾನೆ, ಮಾಗಡಿ ಕೆರೆಯ ಹತ್ತಿರ ಬಸ್ಸಿನ ಹಿಂದಿನ ಗಾಲಿ ಕುಳಿತುಬಿಟ್ಟಿತು. ಜನರನ್ನು ಹಿಂದೆ ಬಂದ ಬಸ್ಸಿಗೆ ಹತ್ತಿಸಿ, ಡ್ರೈವರ್ ಸಕ್ರಪ್ಪನ ಜೊತೆ ಸೇರಿ ಗಾಲಿ ಬದಲಿಸಿ, ಕೈ ತೊಳೆಯಲೆಂದು ಸೋಮೇಶ ಕೆರೆಯ ಏರಿ ಹತ್ತಿದ. ಹತ್ತಿದವನು ಅಲ್ಲೇ ನಿಂತುಬಿಟ್ಟ. ನೀರಿನ ಮೇಲೆ ಬೂದುಬಣ್ಣದ ಬಾತುಗಳು ಸಾವಿರಗಟ್ಟಲೆ ಕುಳಿತಿದ್ದವು. ಬಿಳಿಯ ತಲೆ, ತಲೆಯ ಹಿಂದೆ ಅಡ್ಡಡ್ಡ ಎರಡು ಕರಿ ಪಟ್ಟೆ. ಆರು ವರ್ಷದಿಂದ ದಿನಕ್ಕೆ ನಾಲ್ಕು ಸಲ ಅದೇ ದಾರಿಯಲ್ಲಿ ಓಡಾಡಿದ್ದ. ಆ ಜಾಗಕ್ಕೆ ಬರುವ ಹೊತ್ತಿಗೆ ಯಾವಾಗಲೂ ಕಿಟಕಿಗೆ ಬೆನ್ನು ಮಾಡಿ ಟಿಕೀಟು ಹರಿಯುತ್ತಿದ್ದುದರಿಂದ ಒಮ್ಮೆಯೂ ನೋಡಿರಲಿಲ್ಲ.

"ಸಕ್ರಣ್ಣ, ಇವು ಎಲ್ಲಿಂದ ಬರ್ತಾವು?" ಎಂದು ಕೂಗಿ ಕೇಳಿದ.

"ಹಿಮಾಲಯದ ಆಚಿಂದಂತಪಾ. ಥಂಡಿಗೆ ಬರ್ತಾವು, ಬಿಸಲು ಬಿದ್ದಕೂಡ್ಲೆ ಹೋಗ್ತಾವು. ನೀ ಜಲ್ದಿ ಬಾ, ಟೈಮ್ ಆತು!"

ಆ ಚಳಿಗಾಲ ಮುಗಿಯುವುದರೊಳಗೆ ಸೋಮೇಶ ಬೆಟಗೇರಿಯ ನಬಿಸಾಬರಿಂದ ಹಳೆಯ ಕ್ಯಾಮೆರಾ ಒಂದನ್ನು ಕೊಂಡುಕೊಂಡ. ನಬಿಸಾಬರು ಮದುವೆ ಫೋಟೊ ತೆಗೆಯುವವರು. ಹೊಸದು ತಂದಿದ್ದರಿಂದ ಹಳೆಯದನ್ನು ಉದ್ದನೆಯ ಲೆನ್ಸ್ ಸಮೇತ ಇವನಿಗೆ ಕೊಟ್ಟರು. ಅಂದಿನಿಂದ ವಾರದ ರಜೆ ಬಂತೆಂದರೆ ಸೋಮೇಶ ಮಲ್ಲಸಮುದ್ರದ ಮನೆಯಿಂದ ಬೈಕ್ ಹತ್ತಿ ಮಾಗಡಿಗೆ ಹೋಗುತ್ತಿದ್ದ. ಬಾತುಗಳು ಇಲ್ಲದ ತಿಂಗಳುಗಳಲ್ಲಿ ಮಿಂಚುಳ್ಳಿ, ಕೊಕ್ಕರೆ, ಹೊಲದ ಬದುವಿನ ಕವುಜುಗ, ಏನು ಸಿಕ್ಕರೂ ಸರಿ. ಮಾತು ಕಡಿಮೆಯ ಮನುಷ್ಯ. ಬಸ್ಸಿನಲ್ಲಿ ದಿನವೂ ನೂರಾರು ಮಂದಿಯ ಜೊತೆ ಗಂಟಲು ಹರಿಯುವಂತೆ ಕೂಗಾಡಿದವನಿಗೆ, ವಾರಕ್ಕೆ ಒಂದು ದಿನ ಯಾರೊಡನೆಯೂ ಮಾತಾಡದೆ ಏರಿಯ ಮೇಲೆ ಕೂರುವುದು ಎಷ್ಟು ಹಿತವಾಗಿತ್ತೆಂದು ಅವನು ಯಾರಿಗೂ ಬಿಡಿಸಿ ಹೇಳಿರಲಿಲ್ಲ, ಹೆಂಡತಿ ದುರ್ಗಾಳಿಗೂ.

ಫೋಟೊ ತೆಗೆಯುವುದು ಬಂತು, ಇಡುವುದು ಬರಲಿಲ್ಲ. ಮೊದಲು ಫೋನಿನಲ್ಲಿಟ್ಟ. ಅದು ತುಂಬಿದ ಮೇಲೆ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕ ಜಾಗದಲ್ಲಿಟ್ಟ, ಅದೂ ತುಂಬಿತು. ಆಮೇಲೆ ಮಗಳು ಪ್ರಿಯಾಂಕಾಳ ಹಳೆಯ ಲ್ಯಾಪ್‌ಟಾಪ್, ಪೆನ್‌ಡ್ರೈವ್, ಒಂದು ಹಾರ್ಡ್‌ಡಿಸ್ಕ್. 'ಹಕ್ಕಿ', 'ಹೊಸಾ ಹಕ್ಕಿ', 'ಹೊಸಾ ಹಕ್ಕಿ ೨', 'ಕೆರಿ', 'ಬ್ಯಾರೆ', 'ಬ್ಯಾರೆ ಖರೇದು' ಎಂದು ಫೋಲ್ಡರುಗಳು. ಮನೆಯ ಫೋಟೊಗಳೂ ಅದರಲ್ಲೇ ಬೆರೆತಿದ್ದವು. ಒಂದೇ ಫೋಟೊ ಮೂರು ಕಡೆ ಇರುತ್ತಿತ್ತು, ಬೇಕಾದದ್ದು ಒಂದು ಕಡೆಯೂ ಸಿಗುತ್ತಿರಲಿಲ್ಲ. ಒಟ್ಟು ನಲವತ್ತು ಸಾವಿರ ಆಗಿದ್ದವು.

ಹೋದ ವರ್ಷದ ಜನವರಿಯವರೆಗೆ ಇದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಆ ತಿಂಗಳು ಅವನ ಕ್ಯಾಮೆರಾಕ್ಕೆ ಕೊರಳಲ್ಲಿ ಹಸಿರು ಪಟ್ಟಿ ಇದ್ದ ಬಾತು ಸಿಕ್ಕಿತು. ಪಟ್ಟಿಯ ಮೇಲೆ ಬಿಳಿ ಬಣ್ಣದಲ್ಲಿ ಒಂದು ಅಕ್ಷರ, ಎರಡು ಅಂಕಿ: ಸಿ-೪೭. ಸೋಮೇಶ ಅದನ್ನು ಶಿರಹಟ್ಟಿಯ ಹೈಸ್ಕೂಲ್ ವಿಜ್ಞಾನ ಮಾಸ್ತರ ಕುಬೇರಪ್ಪನವರಿಗೆ ತೋರಿಸಿದ. ದಿನವೂ ಇವನ ಬಸ್ಸಿಗೇ ಹತ್ತುವವರು, ಹಕ್ಕಿಗಳ ವಿಷಯ ಓದಿಕೊಂಡವರು. ಅವರು ಅದನ್ನು ಬಾತುಗಳ ಮೇಲೆ ಅಧ್ಯಯನ ಮಾಡುವವರ ವಿಳಾಸಕ್ಕೆ ಕಳಿಸಿದರು. ಎಂಟು ದಿನದಲ್ಲಿ ಉತ್ತರ ಬಂತು. ಆ ಬಾತಿಗೆ ಐದು ವರ್ಷದ ಹಿಂದೆ ಮಂಗೋಲಿಯಾದ ಒಂದು ಸರೋವರದ ಬಳಿ ಪಟ್ಟಿ ಕಟ್ಟಿದ್ದಂತೆ. ಇದಕ್ಕೆ ಮುಂಚೆ ನಿಮ್ಮ ಕೆರೆಯಲ್ಲಿ ಯಾರಾದರೂ ನೋಡಿದ್ದೀರಾ ಎಂದು ಕೇಳಿದ್ದರು.

"ನಾ ನೋಡೇನ್ರಿ ಸರ. ಮೂರು ವರ್ಷದ ಹಿಂದ ಇದ ಹಕ್ಕೀನ ನೋಡೇನಿ. ಫೋಟೊನೂ ಐತಿ," ಎಂದ ಸೋಮೇಶ, ಎದೆ ತಟ್ಟಿಕೊಂಡಂತೆ.

"ಹಂಗಾರ ಕೊಡಪಾ. ತಾರೀಖಿನ ಸಮೇತ ಬೇಕಂತ ಅವರಿಗೆ. ಒಂದ ಹಕ್ಕಿ ಅಷ್ಟು ದೂರಿಂದ ಮತ್ತ ಮತ್ತ ನಮ್ಮ ಕೆರೀಗೆ ಬರತೈತಿ ಅಂದ್ರ ಸಣ್ಣ ಮಾತಲ್ಲ."

ಸೋಮೇಶ ಹುಡುಕಲು ಕುಳಿತ. ಒಂದು ರಜೆ ಹೋಯಿತು, ಎರಡು ಹೋದವು, ಐದು ಹೋದವು. ಸಿಗಲಿಲ್ಲ. ಕುಬೇರಪ್ಪ ಮಾಸ್ತರರು ಬಸ್ ಹತ್ತಿದಾಗಲೆಲ್ಲ "ಸಿಕ್ಕಿತೇನು?" ಎನ್ನುತ್ತಿದ್ದರು. ನಾಲ್ಕನೆಯ ವಾರದಿಂದ ಕೇಳುವುದನ್ನು ಬಿಟ್ಟರು. ಅದು ಅವನಿಗೆ ಇನ್ನೂ ಚುಚ್ಚಿತು. ಸುಳ್ಳು ಹೇಳಿದೆ ಅಂದುಕೊಂಡರೋ ಏನೋ.

ಆಗಲೇ ಅವನು ಒಂದು ತಪ್ಪು ಮಾಡಿದ. ಫೋನಿನಲ್ಲಿ ಜಾಹೀರಾತು ಬಂದಿತ್ತು: ಒಂದೇ ಒತ್ತಿಗೆ ನಿಮ್ಮ ಫೋಟೊಗಳೆಲ್ಲ ಅಚ್ಚುಕಟ್ಟು, ಸಂಪೂರ್ಣ ಉಚಿತ. ಯಾರು ಮಾಡಿದ್ದು, ಎಲ್ಲಿಯದು ಎಂದು ನೋಡದೆ ಲ್ಯಾಪ್‌ಟಾಪಿಗೆ ಇಳಿಸಿಕೊಂಡ. ಹಾರ್ಡ್‌ಡಿಸ್ಕಿನಲ್ಲಿದ್ದ ಮೂರು ವರ್ಷದ ಹಿಂದಿನ ಫೋಟೊಗಳ ಫೋಲ್ಡರನ್ನು ತೋರಿಸಿ ಒತ್ತಿದ. ಒಂದೇ ಥರದ ಫೋಟೊಗಳನ್ನು ಏನೋ ಮಾಡಲೇ ಎಂದು ಇಂಗ್ಲಿಷಿನಲ್ಲಿ ಕೇಳಿತು. ಒಂದೇ ಕಡೆ ಕೂಡಿಸಿಡುತ್ತದೆ ಎಂದುಕೊಂಡು ಹೂಂ ಎಂದ. ಹಾರುವ ಬಾತುಗಳನ್ನು ತೆಗೆಯುವಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಏಳೆಂಟು ಫೋಟೊ ಬೀಳುತ್ತವೆ. ಒಂದರಲ್ಲಿ ರೆಕ್ಕೆ ಮೇಲೆ, ಒಂದರಲ್ಲಿ ಕೆಳಗೆ. ಆ ಯಂತ್ರದ ಕಣ್ಣಿಗೆ ಎಲ್ಲ ಒಂದೇ. ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಅಳಿಸುತ್ತ ಹೋಯಿತು. ಸೋಮೇಶನಿಗೆ ಅರ್ಥವಾಗಿ ಹಾರ್ಡ್‌ಡಿಸ್ಕಿನ ವೈರು ಕಿತ್ತು ತೆಗೆಯುವಷ್ಟರಲ್ಲಿ ಸಾವಿರದ ನೂರಾ ನಲವತ್ತು ಫೋಟೊ ಹೋಗಿದ್ದವು. ಲ್ಯಾಪ್‌ಟಾಪಿನ ಕಸದ ಬುಟ್ಟಿಯಲ್ಲಿ ನೋಡಿದ, ಅಲ್ಲಿಯೂ ಇರಲಿಲ್ಲ.

ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ಮುಂಜಾನೆ ಡ್ಯೂಟಿಗೆ ಹೊರಟವನು ಬುತ್ತಿ ಮರೆತು ಹೊರಬಿದ್ದಾಗ ದುರ್ಗಾ ಅಂಗಳದವರೆಗೆ ಬಂದು ಕೈಗಿಟ್ಟಳು.

"ಏನಾಗೇತ್ರಿ ನಿಮಗ? ಮೊನ್ನಿಂದ ನೋಡಾಕತ್ತೀನಿ, ರೊಟ್ಟಿ ಮುರಿದು ಹಂಗ ಇಟ್ಟು ಏಳ್ತೀರಿ."

ಅವನು ಹೇಳಿದ. ಹೇಳುತ್ತ ಕಣ್ಣೊರೆಸಿಕೊಂಡ. ಹಕ್ಕಿಯ ಫೋಟೊಕ್ಕೆ ಗಂಡಸು ಅಳುವುದೇ ಎಂದು ನಗುತ್ತಾಳೆ ಅಂದುಕೊಂಡಿದ್ದ. ದುರ್ಗಾ ನಗಲಿಲ್ಲ. ಮನೆಯಲ್ಲಿ ಬ್ಲೌಸ್ ಹೊಲಿಯುವವಳು ಅವಳು, ಕತ್ತರಿಸಿದ ಮೇಲೆ ತಪ್ಪು ಗೊತ್ತಾಗುವ ಸಂಕಟ ಅವಳಿಗೆ ತಿಳಿದದ್ದೇ.

"ನಬಿಸಾಬ ಕಾಕಾರ ಕಡೆ ಹೋಗ್ರಿ. ಅವರು ಇಂಥಾದ್ದು ಕಂಡಿರ್ತಾರ," ಎಂದಳು.

ರಜೆಯ ದಿನ ಮುಂಜಾನೆಯೇ ಸೋಮೇಶ ಡಿಸ್ಕು ಹಿಡಿದು ಹೋದ. ನಬಿಸಾಬರ ಅಂಗಡಿ ಬೆಟಗೇರಿಯ ಬಜಾರದ ಸಂದಿಯಲ್ಲಿತ್ತು. ಅರವತ್ತು ದಾಟಿದವರು, ಕನ್ನಡಕವನ್ನು ಹಣೆಗೇರಿಸಿಕೊಂಡೇ ಕಂಪ್ಯೂಟರ್ ನೋಡುವವರು. ಎಲ್ಲ ಕೇಳಿದ ಮೇಲೆ ಮೊದಲು ಕೇಳಿದ್ದು ಒಂದೇ ಮಾತು.

"ಅಳಿಸಿ ಹೋದ ಮ್ಯಾಲೆ ಆ ಡಿಸ್ಕಿಗೆ ಏನರ ಹಾಕಿಯೇನು?"

"ಇಲ್ಲ ಕಾಕಾ. ಮುಟ್ಟಿಲ್ಲ."

"ಅಷ್ಟರ ಶಾಣ್ಯಾತನ ಮಾಡೀದಿ ಬಿಡು. ಅಳಿಸೀನಿ ಅಂತ ಹೇಳತೈತಿ ಖರೆ, ಮ್ಯಾಲೆ ಬ್ಯಾರೇದು ಬರಿಯೂತನಕ ಒಳಗ ಇರತೈತಿ. ತಾ ಇಲ್ಲಿ."

ಅಳಿಸಿ ಹೋದದ್ದನ್ನು ಹೆಕ್ಕಿ ತೆಗೆಯುವ ತಂತ್ರಾಂಶವೊಂದು ಅವರ ಬಳಿ ಇತ್ತು. ಮುಂಜಾನೆ ಹಚ್ಚಿದ್ದು ಸಂಜೆ ನಾಲ್ಕರವರೆಗೆ ಓಡಿತು. ಏಳುನೂರಕ್ಕೆ ಹತ್ತಿರ ಫೋಟೊಗಳು ಎದ್ದು ಬಂದವು. ಉಳಿದವು ಬರಲಿಲ್ಲ. ಬಂದವುಗಳ ಮೂಲ ಹೆಸರು, ಫೋಲ್ಡರು ಎಲ್ಲ ಕಳೆದು, ಬರೀ ಅಂಕಿಸಂಖ್ಯೆಯ ಗುಂಪಾಗಿ ಬಂದಿದ್ದವು.

ಅದು ಓಡುತ್ತಿದ್ದ ಹೊತ್ತಿನಲ್ಲಿ ನಬಿಸಾಬರು ಚಹಾ ತರಿಸಿದರು. ಬೈಯುವುದನ್ನೂ ಬಿಡಲಿಲ್ಲ.

"ಪುಕ್ಕಟ ಅಂದಕೂಡ್ಲೆ ಕೈ ಹಾಕ್ತಿಯೇನಲೇ? ಪುಕ್ಕಟದಾಗ ಎರಡು ಥರಾ ಐತಿ. ಒಂದು, ಯಾರೋ ತಮ್ಮ ಅನುಕೂಲಕ್ಕ ಕೊಡೋದು. ತಮಗ ಬ್ಯಾಡಾತಂದ್ರ ಬಾಗಲಾ ಹಾಕ್ಕೊಂಡು ಹೋಗ್ತಾರ. ಇನ್ನೊಂದು ಮುಕ್ತ ತಂತ್ರಾಂಶ. ಹತ್ತು ದೇಶದ ಮಂದಿ ಕೂಡಿ ಬರೀತಾರ. ಹೆಂಗ ಬರದೀವಿ ಅನ್ನೂದನ್ನೂ ಬಯಲಾಗ ಇಡ್ತಾರ. ಯಾರರ ತಗೋರಿ, ಯಾರರ ತಿದ್ದರಿ ಅಂತ. ಅದಕ್ಕ ಒಬ್ಬ ಮಾಲಕ ಅಂತಿಲ್ಲ, ಬಾಗಲಾ ಹಾಕಾಕ."

"ನಿಮಗೂ ಹಿಂಗ ಆಗಿತ್ತೇನು ಕಾಕಾ?"

ನಬಿಸಾಬರು ಕಪ್ಪನ್ನು ಕೆಳಗಿಟ್ಟರು. "ಎಂಟು ವರ್ಷ ಒಂದು ಕಂಪನೀದ ಪುಕ್ಕಟ ತಂತ್ರಾಂಶದಾಗ ಕುಂತು ಮದಿವಿ ಮಂದೀದೆಲ್ಲಾ ಹೆಸರು ಬರದಿದ್ನೆಪಾ. ಮದುಮಗನ ಸ್ವಾದರಮಾವ ಯಾರು, ಮದುಮಗಳ ಅಜ್ಜಿ ಯಾರು, ಎಲ್ಲಾ. ಆ ಕಂಪನಿಯವರು ಒಂದಿನ ಅದನ್ನ ನಿಲ್ಲಿಸಿಬಿಟ್ರು. ಹೊಸಾ ಕಂಪ್ಯೂಟರಿಗೆ ಹಾಕಿದ್ರ ಫೋಟೊ ಬಂದುವು, ಹೆಸರು ಬರಲಿಲ್ಲ. ಹೆಸರು ಅದರ ಹೊಟ್ಟ್ಯಾಗ ಇದ್ವು, ಫೋಟೊದಾಗ ಇರಲಿಲ್ಲ."

ಅವತ್ತೇ ಇಬ್ಬರೂ ಕೂಡಿ ಒಂದು ಹಳೆಯ ಆಲ್ಬಮ್ಮಿನ ರಟ್ಟಿನ ಮೇಲೆ ತಮಗೆ ಏನು ಬೇಕೆಂದು ಬರೆದರು. ನಾವು ಹೇಳದೆ ಫೋಟೊ ಅಳಿಸಬಾರದು, ಜಾಗ ಬದಲಿಸಬಾರದು. ಬರೆದ ಹೆಸರು ಫೋಟೊದ ಒಳಗೇ ಕೂರಬೇಕು. ಇಂಟರ್‌ನೆಟ್ ಇಲ್ಲದೆಯೂ ನಡೆಯಬೇಕು, ಯಾಕೆಂದರೆ ಮಲ್ಲಸಮುದ್ರದ ಮನೆಯಲ್ಲಿ ನೆಟ್‌ವರ್ಕ್ ಕಿಟಕಿಯ ಬಳಿ ಮಾತ್ರ ಸಿಗುತ್ತಿತ್ತು. ಕನ್ನಡದಲ್ಲಿ ಬರೆದರೆ ಚೌಕ ಚೌಕ ಕಾಣಿಸಬಾರದು. ಈ ಕೊನೆಯದನ್ನು ಸೇರಿಸಿದವನು ಸೋಮೇಶ.

ಮುಂದಿನ ರಜೆಗೆ ಮೂರು ತಂತ್ರಾಂಶಗಳನ್ನು ಇಳಿಸಿಕೊಂಡರು. ಈ ಸಲ ಅವಸರ ಮಾಡಲಿಲ್ಲ. ನೂರು ಫೋಟೊಗಳ ನಕಲು ತೆಗೆದು, ಅದರ ಮೇಲೆ ಮಾತ್ರ ಪ್ರಯೋಗ. ಮೊದಲನೆಯದು ನೋಡಲು ಬಹಳ ಚಂದ. ಹೆಸರು ಬರೆದು, ಆ ಫೋಟೊವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಹೆಸರೇ ಇಲ್ಲ. ಎರಡನೆಯದು ಶುರುವಿನಲ್ಲೇ ಇಮೇಲ್ ಕೇಳಿತು, ಫೋನ್ ನಂಬರ್ ಕೇಳಿತು. ಮೂರನೆಯದರ ಹೆಸರು ಡಿಜಿಕ್ಯಾಮ್. ನಬಿಸಾಬರು ಹೇಳಿದ ಮುಕ್ತ ಜಾತಿಯದು. ತೆರೆಯಲು ಸಾವಕಾಶ, ಎಲ್ಲಿ ನೋಡಿದರೂ ಗುಂಡಿಗಳು, ಆಯ್ಕೆಗಳು. ಮೊದಲ ಸಲ ನೋಡಿದ ಸೋಮೇಶನಿಗೆ ಹೊಸ ಟಿಕೀಟು ಯಂತ್ರ ಕೈಗೆ ಬಂದ ದಿನದ ಗಾಬರಿಯೇ ಆಯಿತು. ಆದರೂ ಬಿಡದೆ, ಒಂದು ಮಿಂಚುಳ್ಳಿಯ ಫೋಟೊಕ್ಕೆ 'ಮಿಂಚುಳ್ಳಿ, ಮಾಗಡಿ ಕೆರಿ' ಎಂದು ಕನ್ನಡದಲ್ಲೇ ಬರೆದ. ಹೆಸರನ್ನು ಫೋಟೊದ ಒಳಗೇ ಬರೆ ಎನ್ನುವ ಆಯ್ಕೆಗೆ ಗುರುತು ಹಾಕಿದ. ಪೆನ್‌ಡ್ರೈವಿಗೆ ಹಾಕಿ, ನಬಿಸಾಬರ ಇನ್ನೊಂದು ಕಂಪ್ಯೂಟರಿನಲ್ಲಿ, ಬೇರೆಯೇ ತಂತ್ರಾಂಶದಲ್ಲಿ ತೆರೆದ.

'ಮಿಂಚುಳ್ಳಿ, ಮಾಗಡಿ ಕೆರಿ.' ಅಕ್ಷರ ಅಕ್ಷರ ಹಾಗೆಯೇ ಇತ್ತು.

"ಬಂತಲ್ಲಲೇ!" ಎಂದು ನಬಿಸಾಬರು ಬೆನ್ನಿಗೆ ಗುದ್ದಿದರು.

ಆರಿಸಿಕೊಂಡದ್ದೇನೋ ಆಯಿತು, ಕೆಲಸ ಶುರುವಾದದ್ದು ಆಮೇಲೆ. ನಲವತ್ತು ಸಾವಿರ ಫೋಟೊಗಳಿಗೆ ಹೆಸರು ಹಚ್ಚಬೇಕು. ವಾರಕ್ಕೊಂದು ರಜೆಯಲ್ಲಿ ಮುಗಿಯುವ ಮಾತಲ್ಲ. ಒಂದು ಮಧ್ಯಾಹ್ನ ದುರ್ಗಾ ಹೊಲಿಗೆಯ ಮಿಷನ್ ಬಿಟ್ಟು ಬಂದು ಪಕ್ಕದಲ್ಲಿ ಕುಳಿತಳು.

"ನನಗ ಹೇಳಿ ಕೊಡ್ರಿ. ಬ್ಲೌಸಿಗೆ ಚೀಟಿ ಹಚ್ಚಿದಂಗ ಅಷ್ಟ ಅಲ್ಲೇನು?"

ಹೌದು, ಅಷ್ಟೇ. ಪಿಯುಸಿಯವರೆಗೆ ಓದಿದ ಕೈ, ವಾರದೊಳಗೆ ಅವನಿಗಿಂತ ಚುರುಕಾಯಿತು. ಜಗಳವೂ ಆಗುತ್ತಿತ್ತು. ಅವನಿಗೆ ಹಕ್ಕಿಗಳ ಪುಸ್ತಕದಲ್ಲಿರುವ ಹೆಸರೇ ಬೇಕು. ಅವಳು 'ನೀರಾಗ', 'ಹೊಲದಾಗ', 'ಹಾರಾಕತ್ತಾವು', 'ಜಗಳಾಡಾಕತ್ತಾವು' ಎಂದು ಬರೆಯುತ್ತಿದ್ದಳು. "ಇದೆಲ್ಲಾ ಹೆಸರೇನ?" ಎಂದು ಅವನು ರೇಗಿದ. ಎರಡು ವಾರದ ಮೇಲೆ ಬಾತುಗಳು ಕಡಲೆ ಹೊಲದಲ್ಲಿ ಮೇಯುವ ಫೋಟೊ ಬೇಕಾಗಿ 'ಹೊಲದಾಗ' ಎಂದು ಹುಡುಕಿದವನೂ ಅವನೇ. ಅಲ್ಲಿಗೆ ಜಗಳ ನಿಂತಿತು. ಎರಡೂ ಥರದ ಹೆಸರು ಉಳಿದವು.

ಆ ತಂತ್ರಾಂಶಕ್ಕೆ ಮನುಷ್ಯರ ಮುಖ ಗುರುತಿಸಲು ಬರುತ್ತಿತ್ತು. ಕೆಲವು ಫೋಟೊಗಳಲ್ಲಿ ಇಂಥವರು ಎಂದು ತೋರಿಸಿದರೆ ಸಾಕು, ಉಳಿದವನ್ನು ತಾನೇ ಹುಡುಕಿ ಗುಂಪು ಮಾಡುತ್ತಿತ್ತು. ಸೋಮೇಶ ಮಗಳು ಪ್ರಿಯಾಂಕಾಳನ್ನು ತೋರಿಸಿದ್ದ, ತಾಯಿ ಹನಮವ್ವನನ್ನು, ಡ್ರೈವರ್ ಸಕ್ರಪ್ಪನನ್ನು ತೋರಿಸಿದ್ದ. ಒಂದು ದಿನ ಡ್ಯೂಟಿ ಮುಗಿಸಿ ಸಂಜೆ ಮನೆಗೆ ಬಂದಾಗ ದುರ್ಗಾ ಲ್ಯಾಪ್‌ಟಾಪಿನ ಮುಂದೆ ಸುಮ್ಮನೆ ಕುಳಿತಿದ್ದಳು.

"ಬರ್ರಿ ಇಲ್ಲಿ. ಈಕಿ ಯಾರು ಅಂತ ಕೇಳಾಕತ್ತೈತಿ."

ಗುರುತು ಸಿಗದ ಮುಖಗಳ ಪಟ್ಟಿ ತೆರೆದಿತ್ತು. ಅದರಲ್ಲಿ ದುರ್ಗಾಳ ಮುಖ. ಬುತ್ತಿ ಕಟ್ಟುತ್ತಿರುವಾಗ ಅರ್ಧ ತಿರುಗಿದ್ದು ಒಂದು, ಮಗಳ ಹಿಂದೆ ಮಸುಕಾಗಿ ಕಂಡದ್ದು ಇನ್ನೊಂದು, ಯಾರದೋ ಮದುವೆಯಲ್ಲಿ ಮಂದಿಯ ನಡುವೆ ಇದ್ದದ್ದು ಮತ್ತೊಂದು. ಎಣಿಸಿದರೆ ಹತ್ತೊಂಬತ್ತು. ಪ್ರಿಯಾಂಕಾಳವು ಮುನ್ನೂರಕ್ಕೂ ಮೇಲಿದ್ದವು. ಹೆಸರು ಬರೆಯುವ ಜಾಗ ಖಾಲಿ ಇತ್ತು. ಎಲ್ಲರನ್ನೂ ತೋರಿಸಿದವನಿಗೆ ಹೆಂಡತಿಯನ್ನು ತೋರಿಸಬೇಕೆಂದು ಹೊಳೆದೇ ಇರಲಿಲ್ಲ.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನನ್ನು ಹೆಚ್ಚು ನಾಚಿಸಿತು. ಟಿಕೀಟಿನ ಚೀಲವನ್ನು ಹೆಗಲಿಂದ ಇಳಿಸಿ, ಪಕ್ಕದಲ್ಲಿ ಕುಳಿತು, ಒಂದೊಂದೇ ಅಕ್ಷರ ಹುಡುಕುತ್ತ 'ದುರ್ಗಾ' ಎಂದು ಬರೆದ.

"ಬರೇ ದುರ್ಗಾ?" ಎಂದಳು ಅವಳು.

"ಮತ್ತೇನ ಬರೀಲಿ?"

"ಏನಿಲ್ಲ ಬಿಡ್ರಿ. ಚಹಾ ಮಾಡ್ತೀನಿ," ಎಂದು ಎದ್ದಳು. ಒಳಗೆ ಹೋದವಳು ನಗುತ್ತಿದ್ದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಮರುದಿನ ಮುಂಜಾನೆ ಅವಳು ಕಿಟಕಿಯ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸುತ್ತಿರುವಾಗ ಸೋಮೇಶ ಕ್ಯಾಮೆರಾ ತಂದ. "ಹೋಗ್ರಿ ಅತ್ಲಾಗ, ತಲಿ ಹಿಕ್ಕೊಂಡಿಲ್ಲ," ಎಂದು ಅವಳು ಸೆರಗು ಅಡ್ಡ ಹಿಡಿದಳು. ಅವನು ಹಕ್ಕಿಗೆ ಕಾಯುವಂತೆ ಬಾಗಿಲಿಗೆ ಒರಗಿ ಕಾದ. ಅವಳು ಕೆಲಸದಲ್ಲಿ ಅವನನ್ನು ಮರೆತ ಹೊತ್ತಿಗೆ ಒಂದು ತೆಗೆದ. ಒಳ್ಳೆಯದಾಗಿ ಬಂತು.

ಕಳೆದುಕೊಂಡ ಬಾತು ಸಿಕ್ಕಿದ್ದು ಮಳೆಗಾಲ ಮುಗಿಯುವಾಗ, ಸಿಕ್ಕಿದ್ದು ದುರ್ಗಾಳಿಗೆ. ನಬಿಸಾಬರು ಎತ್ತಿ ಕೊಟ್ಟಿದ್ದ ಹೆಸರಿಲ್ಲದ ಏಳುನೂರು ಫೋಟೊಗಳನ್ನು ಸೋಮೇಶ ನೋಯುವ ಹಲ್ಲಿನಂತೆ ಮುಟ್ಟದೆ ಬಿಟ್ಟಿದ್ದ. ಅವಳು ಒಂದೊಂದಾಗಿ ಚೀಟಿ ಹಚ್ಚುತ್ತ ಹೋದಳು. ಕಡಲೆ ಹೊಲದಲ್ಲಿ ಮೇಯುವ ಗುಂಪಿನ ನಡುವೆ ಒಂದರ ಕುತ್ತಿಗೆಯಲ್ಲಿ ಹಸಿರು ಕಂಡಿತು. ಬಣ್ಣದ ದಾರಗಳ ನಡುವೆ ಬದುಕುವ ಕಣ್ಣು, ಅದು ಕಡಲೆಗಿಡದ ಹಸಿರಲ್ಲ ಎಂದು ಗುರುತಿಸಿತು. ಬಸ್ಸಿನಲ್ಲಿದ್ದ ಗಂಡನಿಗೆ ಫೋನ್ ಮಾಡಿದಳು. "ನಿಮ್ಮ ಹಕ್ಕಿ ಸಿಕ್ಕೈತಿ. ಡ್ಯೂಟಿ ಮುಗಿಸೇ ಬರ್ರಿ, ನಡುವ ಇಳೀಬ್ಯಾಡ್ರಿ ಮತ್ತ!"

ಫೋಟೊದ ಹೆಸರು ಹೋಗಿದ್ದರೂ ತೆಗೆದ ತಾರೀಖು ಒಳಗೇ ಉಳಿದಿತ್ತು. ಮೂರು ವರ್ಷದ ಹಿಂದಿನ ಫೆಬ್ರುವರಿ ಎರಡು, ಬೆಳಿಗ್ಗೆ ಏಳೂ ಕಾಲು. ಸೋಮೇಶ ಚಿತ್ರವನ್ನು ದೊಡ್ಡದು ಮಾಡಿದ. ಪಟ್ಟಿಯ ಮೇಲಿನ ಅಕ್ಷರ ಸಿ. ನಾಲ್ಕು. ಆಮೇಲೆ ಒಂದು. ಇನ್ನಷ್ಟು ದೊಡ್ಡದು ಮಾಡಿದ. ಏಳು ಅಲ್ಲ, ಒಂದೇ.

ಸಿ-೪೧. ಅದು ಬೇರೆ ಬಾತು.

ಇದೇ ಹಕ್ಕಿ, ಇದೇ ಹಕ್ಕಿ ಎಂದು ಒಂಬತ್ತು ತಿಂಗಳು ಊರೆಲ್ಲ ಹೇಳಿಕೊಂಡು ಬಂದಿದ್ದ. ದಿನವೂ ನೂರಾರು ಮುಖ ನೆನಪಿಡುತ್ತೇನೆಂಬ ಜಂಬ ಬೇರೆ. ಮರುದಿನ ಬಸ್ಸಿನಲ್ಲಿ ಕುಬೇರಪ್ಪ ಮಾಸ್ತರರ ಸೀಟಿನ ಬಳಿ ನಿಂತು, ಫೋನಿನಲ್ಲಿ ಫೋಟೊ ತೋರಿಸಿ, "ನಾ ತಪ್ಪಿದ್ನಿರಿ ಸರ. ಅದು ಬ್ಯಾರೆ ಹಕ್ಕಿ," ಎಂದ.

ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. "ತಪ್ಪಿದ್ರ ತಪ್ಪಿದಿ. ಹಕ್ಕಿಯರ ಖರೆ ಐತೆಲ್ಲ? ಕಳಸೋಣ ತಡಿ."

ಉತ್ತರ ಬರಲು ಈ ಸಲ ಹದಿನೈದು ದಿನ ಹಿಡಿಯಿತು. ಎರಡೂ ಬಾತುಗಳಿಗೆ ಪಟ್ಟಿ ಕಟ್ಟಿದ್ದು ಒಂದೇ ಸರೋವರದ ಬಳಿ, ಒಂದೇ ವಾರದಲ್ಲಿ. ಸಿ-೪೧ ಅನ್ನು ಹಾರಿಬಿಟ್ಟ ಮೇಲೆ ಯಾವ ದೇಶದಲ್ಲೂ ಯಾರೂ ಕಂಡ ದಾಖಲೆ ಇರಲಿಲ್ಲವಂತೆ. ಈ ಫೋಟೊವೇ ಮೊದಲನೆಯದು. ಚಿತ್ರ ತೆಗೆದವರ ಹೆಸರು ಬರೆದುಕೊಳ್ಳುತ್ತೇವೆ, ಕಳಿಸಿ ಎಂದಿದ್ದರು. ಸೋಮೇಶ ಎರಡು ಹೆಸರು ಕೊಟ್ಟ, ತನ್ನದು ಮತ್ತು ದುರ್ಗಾಳದು. ತೆಗೆದವನು ನೀನೊಬ್ಬನೇ ಅಲ್ಲವೇ ಎಂದು ಮಾಸ್ತರರು ಕೇಳಿದರು. "ಆಕಿ ಹುಡುಕದಿದ್ರ ಅದು ಇದ್ದೂ ಇಲ್ದಂಗ ಇರ್ತಿತ್ರಿ ಸರ," ಎಂದ.

ಈಗ ಇಡೀ ಸಂಗ್ರಹ ಒಂದು ಹದಕ್ಕೆ ಬಂದಿದೆ. ಎಲ್ಲ ಮುಗಿದಿಲ್ಲ, ಇನ್ನೂ ಹನ್ನೊಂದು ಸಾವಿರ ಉಳಿದಿವೆ. ಮೊನ್ನೆ ನಬಿಸಾಬರೇ ಫೋನ್ ಮಾಡಿ, ನಾನು ತೆಗೆದ ಮದುವೆ ಫೋಟೊಗಳನ್ನೂ ಡಿಜಿಕ್ಯಾಮಿಗೆ ಹಾಕಿದ್ದೇನೆ, ಮುಖ ಗುರುತಿಸುವುದು ಹೇಗೆ ಎಂದು ಕೇಳಿದರು. ಸೋಮೇಶ ಫೋನನ್ನು ದುರ್ಗಾಳ ಕೈಗೆ ಕೊಟ್ಟ.

ಎಲ್ಲವನ್ನೂ ಒಂದೇ ಮನೆಯಲ್ಲಿ ಇಡಬಾರದು, ಒಂದು ಪ್ರತಿ ಬೇರೆ ಊರಲ್ಲಿರಲಿ ಎಂದೂ ನಬಿಸಾಬರೇ ಹೇಳಿದ್ದರು. ಹಾಗಾಗಿ ಹೋದ ವಾರ ಗಂಡ ಹೆಂಡತಿ ಎರಡನೆಯ ಹಾರ್ಡ್‌ಡಿಸ್ಕನ್ನು ಟವಲಿನಲ್ಲಿ ಸುತ್ತಿಕೊಂಡು ಮುಂಡರಗಿಗೆ, ದುರ್ಗಾಳ ಅಕ್ಕ ಅಮೃತವ್ವನ ಮನೆಗೆ ಹೋದರು. ಬಸ್ಸಿನಲ್ಲಿ ಸೋಮೇಶ ಟಿಕೀಟು ತೆಗೆದುಕೊಂಡು, ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದ. ಅಮೃತವ್ವ ಪೊಟ್ಟಣವನ್ನು ಕೈಯಲ್ಲಿ ತೂಗಿ ನೋಡಿದಳು.

"ಇಷ್ಟ ಸಣ್ಣದರಾಗ ಏನೈತೆ ಯವ್ವಾ, ಇಷ್ಟು ಜ್ವಾಕಿ ಮಾಡಾಕತ್ತೀರಿ?"

"ಒಂಬತ್ತು ವರ್ಷದ ಫೋಟೊ ಅಕ್ಕಾ. ನೀರು ತಾಗಬಾರದು, ಹುಡುಗರ ಕೈಗೆ ಸಿಗಬಾರದು," ಎಂದಳು ದುರ್ಗಾ.

ಅಮೃತವ್ವ ಟ್ರಂಕು ತೆರೆದು, ತನ್ನ ರೇಷ್ಮೆ ಸೀರೆಗಳ ನಡುವೆ ಅದನ್ನಿಟ್ಟು ಕೀಲಿ ಹಾಕಿದಳು. "ಆತು, ಕೈಕಾಲು ತೊಳಕೊಂಡು ಬರ್ರಿ. ರೊಟ್ಟಿ ಆರತಾವು."